ಹೆಂಚು ಕೊಟ್ಟ ಜಂಬಮ್ಮ ಸಮುದ್ರಕ್ಕೆ ಹೊರಟದ್ದು

ಹಸ್ತ ಮಳೆ ಕೂಡಿ ಆಗಲೇ ನಾಲ್ಕಾರು ದಿನ. ಹೆಸರು ಮಳೆಯದು, ಆಕಾಶದಲ್ಲಿ ಮಾತ್ರ ಹತ್ತಿಯ ಅರಳೆಯಷ್ಟೂ ಮೋಡವಿಲ್ಲ. ಹೊತ್ತು ಇಳಿದು ಕುರಿಗಳು ದೊಡ್ಡಿ ಸೇರುವ ವೇಳೆಗೆ ಊರಿನ ಹಿರಿಯರು ಯರ್ರೆಪ್ಪನ ಮನೆ ಕಟ್ಟೆಗೆ ಬಂದು ಕೂತರು. ದೇವನಕೊಂಡದ ಮಗ್ಗುಲಿನ ಊರು ಅದು. ಕಪ್ಪು ನೆಲ, ಮುಗಿಲು ನೋಡಿ ಬಿತ್ತುವ ಜನ. ಕಡಲೆ ಬೀಜ ಚೀಲದಲ್ಲೇ ಕಾಯುತ್ತಿತ್ತು.

"ಗುರ್ಜಿ ಆಡಸಬೇಕಂತ ಮಾಡೀವಿ," ಎಂದರು ಪಂಚಾಕ್ಷರಯ್ಯ. ಊರಿಗೆ ರೀತಿ ರಿವಾಜು ಹೇಳುವವರು ಅವರೇ. "ಜಂಬಮ್ಮಾ, ಹೆಂಚು ಕೊಡವಾ."

ಮಳೆ ಕೈಕೊಟ್ಟಾಗ ಅಲ್ಲಿ ಹೀಗೆ ಮಾಡುವುದು ಹಿಂದಿನಿಂದ ಬಂದದ್ದು. ರೊಟ್ಟಿ ಸುಡುವ ಹೆಂಚನ್ನು ಬೋರಲು ಹಾಕಿ, ಅದರ ಮೇಲೆ ಸಗಣಿಯಲ್ಲಿ ಮಾಡಿದ ಮಳೆದೇವತೆ ಗುರ್ಜಿಯನ್ನು ಕೂರಿಸಿ, ಗರಿಕೆ ಸಿಕ್ಕಿಸಿ, ಒಬ್ಬನ ತಲೆ ಮೇಲೆ ಹೊರಿಸಿ ಮನೆಮನೆ ತಿರುಗುತ್ತಾರೆ. ಮನೆಯವರು ಗುರ್ಜಿ ಹೊತ್ತವನ ತಲೆಗೆ ಕೊಡ ನೀರು ಸುರಿಯುತ್ತಾರೆ. ಹೆಂಚು ಯರ್ರೆಪ್ಪನ ವಂಶದ ಮನೆಯದೇ ಆಗಬೇಕು. ಹೋದ ಸಲ ಅವನ ಅಣ್ಣ ಉಚ್ಚೀರಪ್ಪನ ಮನೆಯಿಂದ ಹೋಗಿತ್ತು. ಈ ಸಲ ಪಾಳಿ ಯರ್ರೆಪ್ಪನ ಹೆಂಡತಿ ಜಂಬಮ್ಮನದು.

ಕೊಡುವುದೇನು ದೊಡ್ಡದಲ್ಲ. ಆದರೆ ಹೆಂಚು ಕೊಟ್ಟ ಹೆಣ್ಣುಮಗಳು, ಮಳೆ ಬಂದು ತನ್ನ ಮಾಳಿಗೆಯ ತೂಬಿನಿಂದ ನೀರು ಬೀದಿಗೆ ಬೀಳುವ ತನಕ ಊರ ಸೀಮೆ ದಾಟುವಂತಿಲ್ಲ. ಜಂಬಮ್ಮನಿಗೋ ಬರುವ ಗುರುವಾರ ಸಮುದ್ರಕ್ಕೆ ಹೋಗುವುದಿತ್ತು.

ಅವಳು ಗಂಡನ ಮುಖ ನೋಡಿದಳು. ಯರ್ರೆಪ್ಪ ದೊಡ್ಡಿಯ ಕಡೆ ಕೈ ತೋರಿಸಿ, "ಕೊಟ್ಟಬಿಡು. ಕುರಿ ನೋಡು, ಒಂದಕ್ಕೊಂದು ಒತ್ತಿಕೊಂಡು ನಿಂತಾವ. ಎರಡು ದಿನದಾಗ ಮಳಿ ಬರ್ತೈತಿ," ಎಂದ. ಕುರಿ ನೋಡಿ ಮಳೆ ಹೇಳುವುದರಲ್ಲಿ ಅವನಿಗೆ ಒಳ್ಳೆಯ ಹೆಸರಿತ್ತು. ಜಂಬಮ್ಮ ಹೆಂಚು ತಂದು ಕೊಟ್ಟಳು.

ಸಮುದ್ರದ ಮಾತು ಶುರುವಾದದ್ದು ಮಗಳು ಹಾರಿಕಾಳಿಂದ. ಆದೋನಿಯ ಆಸ್ಪತ್ರೆಯಲ್ಲಿ ನರ್ಸು. ಜೊತೆಯ ನರ್ಸು ಈಶ್ವರಿಯೂ ತಾನೂ ಸೇರಿ ಮುರ್ಡೇಶ್ವರಕ್ಕೆ ಹೋಗಿ, ದೋಣಿ ಹತ್ತಿ, ನೇತ್ರಾಣಿ ದ್ವೀಪದ ಹತ್ತಿರ ಸ್ಕೂಬಾ ಡೈವಿಂಗ್ ಮಾಡಬೇಕೆಂದು ಲೆಕ್ಕ ಹಾಕಿದ್ದರು. ಬೆನ್ನಿಗೆ ಗಾಳಿಯ ಸಿಲಿಂಡರು, ಬಾಯಿಗೆ ನಳಿಗೆ, ಕೈ ಹಿಡಿದು ಕರೆದೊಯ್ಯುವ ಕಲಿಸುವವನು. ಈಜು ಬರದವರೂ ಹೋಗಬಹುದು. ಅಷ್ಟರಲ್ಲಿ ಈಶ್ವರಿಗೆ ಸಂಬಂಧ ಕೂಡಿಬಂತು, ಅವಳು ಹಿಂದೆ ಸರಿದಳು. ಹಾರಿಕಾ ಬೇಜಾರಿನಲ್ಲಿ ಊರಿಗೆ ಬಂದು ಫೋನಿನಲ್ಲಿ ಆ ವಿಡಿಯೋ ತೋರಿಸಿದಳು. ಜಂಬಮ್ಮ ರೊಟ್ಟಿ ತಟ್ಟುವುದನ್ನು ಬಿಟ್ಟು ನೋಡಿದಳು. ಆಮೇಲೆ ಹಿಟ್ಟಿನ ಕೈಯಲ್ಲೇ ಫೋನು ಹಿಡಿದು ಇನ್ನೊಮ್ಮೆ ನೋಡಿದಳು.

"ಹಾರಿಕಾ, ಆ ಹುಡುಗಿ ಜಾಗ ನನಗ ಕೊಡ್ತಿ?"

"ಏನವ್ವಾ, ತಮಾಷೆನಾ?"

"ಯಾಕ? ಕೌತಾಳಂ ಬಾವಿಯಾಗ ಹುಟ್ಟಿ ಬೆಳೆದಾಕಿ ನಾನು."

ಅದು ನಿಜ. ಕೌತಾಳಂ ಕಡೆಯ ತೌರಿನ ಹೊಲದ ಬಾವಿಯಲ್ಲಿ, ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಸಿಕೊಂಡು ಅವಳು ಈಜು ಕಲಿತಳು. ತಳ ಮುಟ್ಟಿ ಮಣ್ಣು ತಂದು ತೋರಿಸುವ ಪಂದ್ಯದಲ್ಲಿ ಗಂಡುಹುಡುಗರೂ ಅವಳಿಗೆ ಸೋಲುತ್ತಿದ್ದರು. ಆದರೆ ಉಸಿರು ಎಷ್ಟು ಹೊತ್ತು ತಾಳೀತು? "ಹೋದೆ, ಮಣ್ಣು ಹಿಡಿದೆ, ಮ್ಯಾಲೆ ಬಂದೆ. ತಳದಾಗ ಏನೈತಿ ಅಂತ ನೋಡಕ ಪುರಸತ್ತೇ ಇರಲಿಲ್ಲ," ಎಂದು ಮಗಳಿಗೆ ಹೇಳಿದಳು. ಬಾವಿ ಯಾವಾಗಲೋ ಒಣಗಿತು, ಬೋರ್‌ವೆಲ್ ಬಂತು, ಬಾವಿಯನ್ನು ಮುಚ್ಚಿದರು. ಮದುವೆಯಾಗಿ ಬಂದ ಊರಲ್ಲಿ ಮುಳುಗುವಷ್ಟು ನೀರನ್ನು ಅವಳು ನೋಡಿದ್ದೇ ಇಲ್ಲ. ನೀರಿನ ತಳದಲ್ಲಿ ನಿಂತು, ಅವಸರವಿಲ್ಲದೆ ಒಮ್ಮೆ ಸುತ್ತ ನೋಡಬೇಕು: ಅಷ್ಟೇ ಅವಳ ಆಸೆ.

ಹಾರಿಕಾ ಅವ್ವನನ್ನು ಡಾಕ್ಟರ ಮುಂದೆ ಕೂರಿಸಿದಳು. ಎದೆ, ಕಿವಿ, ಬಿಪಿ ಎಲ್ಲ ನೋಡಿ ಅವರು ಹೂಂ ಎಂದರು. ಟಿಕೆಟ್ಟಾಯಿತು. ಗುರುವಾರ ಹೊರಟು, ಗುಂತಕಲ್ಲಿನಲ್ಲಿ ರೈಲು ಹತ್ತಿ, ಹುಬ್ಬಳ್ಳಿಯಿಂದ ಬಸ್ಸು. ಅಲ್ಲಿ ದೋಣಿಯವರಿಗೂ ಹಂಗಾಮು ಈಗಷ್ಟೇ ಶುರುವಾಗಿತ್ತು. ಮಳೆಗಾಲದ ಬಾಲ ಇನ್ನೂ ಅಲ್ಲಾಡುತ್ತಿತ್ತು. ಅದಕ್ಕೇ ಹಾರಿಕಾ ಕಾಯುವುದಕ್ಕೆಂದು ಎರಡು ದಿನ ಹೆಚ್ಚಿಗೆ ರಜೆ ಹಾಕಿದ್ದಳು. ಮತ್ತೆ ಅಷ್ಟು ರಜೆ ಬೇಸಗೆಯ ತನಕ ಸಿಗುವುದಿಲ್ಲ ಎಂದು ಮೇಲಿನವರು ಹೇಳಿಯೂ ಇದ್ದರು.

ಇಷ್ಟೆಲ್ಲ ಆಗಿರುವಾಗ ಹೆಂಚು ಹೋಯಿತು.

ಗುರ್ಜಿ ಆಡಿಸಿದರು. ಕೊಡ ಕೊಡ ನೀರು ಸುರಿದರು. ಮನೆಮನೆಯಿಂದ ಕೂಡಿದ ಜೋಳ, ಬೇಳೆಯಲ್ಲಿ ಊರಿಗೆಲ್ಲ ಊಟವೂ ಆಯಿತು. ಎರಡು ದಿನ ಕಳೆದವು, ಮಳೆ ಬರಲಿಲ್ಲ. ಕುರಿಗಳು ಮಾತ್ರ ಒತ್ತಿಕೊಂಡೇ ನಿಂತಿದ್ದವು. ಸಂಜೆ ದೊಡ್ಡಿಯ ಹಿಂದೆ ಹೋಗಿ ನೋಡಿದರೆ ಬೇಲಿಯಲ್ಲಿ ಒಂದು ನಾಯಿ ಮರಿ ಹಾಕಿತ್ತು. ಅದರ ಹೆದರಿಕೆಗೆ ಅವು ಹಾಗೆ ನಿಂತಿದ್ದವು.

"ಬಲೇ ಮಳಿ ಹೇಳಿದ್ರಿ," ಎಂದಳು ಜಂಬಮ್ಮ. ಯರ್ರೆಪ್ಪ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡ.

ಉಚ್ಚೀರಪ್ಪನ ಹೆಂಡತಿ ಗಾದಿಲಿಂಗಮ್ಮ, ಜಂಬಮ್ಮನ ಹಿರಿಯ ನೆಗೆಣ್ಣಿ. ಪಕ್ಕದ ಬಾಗಿಲು. ನಾಲಿಗೆ ಮೆಣಸಿನಕಾಯಿ. ಹೆಂಚಿಲ್ಲದ ಮನೆಗೆ ದಿನಾ ರೊಟ್ಟಿ ತಂದುಕೊಡುತ್ತಿದ್ದಳು, ಜೊತೆಗೆ ಎರಡು ಮಾತನ್ನೂ.

"ಏ ಜಂಬೀ, ಸಮುದ್ರಕ್ಕ ಹೋಗಿ ಬಂದ್ಯಾ?"

"ಸುಮ್ಮನಿರಕ್ಕಾ."

"ಅಲ್ಲ, ಮೊಮ್ಮಕ್ಕಳು ಆಡ್ಸೋ ವಯಸ್ಸಿನಾಗ ಮೀನಿನ ಸಂಗಡ ನಿನಗ ಏನಮ್ಮಾ ಪನಿ?"

"ಮೀನು ನಿನ್ನಂಗ ಮಾತಾಡಂಗಿಲ್ಲ, ಅದಕ್ಕ ಹೊಂಟೀನಿ."

ಗಾದಿಲಿಂಗಮ್ಮ ಬಿದ್ದು ಬಿದ್ದು ನಕ್ಕಳು.

ಬುಧವಾರ ಸಂಜೆ ಹಾರಿಕಾ ಬ್ಯಾಗು ಹೊತ್ತುಕೊಂಡೇ ಬಂದಳು. ಬಂದವಳು ನೇತ್ರಾಣಿಯ ದೋಣಿಯ ಸೋಮೇಶನಿಗೆ ಫೋನು ಹಚ್ಚಿ, ಅವ್ವನಿಗೂ ಕೇಳಲೆಂದು ಸ್ಪೀಕರು ಹಾಕಿದಳು.

"ಇವತ್ತು ಬೋಟು ಬಿಡ್ಲಿಲ್ಲ ಮೇಡಂ, ಗಾಳಿ ಜಾಸ್ತಿ. ಶನಿವಾರ ಆಗಬಹುದು, ಆಗದೆಯೂ ಇರಬಹುದು. ಸಮುದ್ರದ್ದು ಬೆಳಿಗ್ಗೆ ನೋಡಿಯೇ ಹೇಳಬೇಕು."

"ಫೋನಿನಾಗ ಶನಿವಾರ ಮಳೆ ಅಂತ ತೋರಸ್ತೈತಿ, ಅಣ್ಣಾ."

"ಫೋನು ನೀರಿಗೆ ಇಳಿಯೂದಿಲ್ಲಲ್ಲ ಮೇಡಂ. ಸುಳ್ಳು ಹೇಳಿ ಕರೆಸೂದಿಲ್ಲ ನಾನು. ನೀರು ಕದಡಿದ್ರೆ ಬೇಡ ಅಂತೇನೆ."

"ಇವನು ನಂಬೋ ಮನುಷ್ಯ," ಎಂದಳು ಜಂಬಮ್ಮ.

ಹಾರಿಕಾ ತಲೆ ಹಿಡಿದುಕೊಂಡಳು. "ಅಲ್ಲಿ ಮಳೆ ಬರಬಾರದು, ಇಲ್ಲಿ ಮಳೆ ಬರದಿದ್ರ ನೀ ಬರಂಗಿಲ್ಲ. ಯಾವ ದೇವರಿಗೆ ಏನಂತ ಕೇಳಲವ್ವಾ? ಸುಮ್ಮನ ಬಸ್ ಹತ್ತು. ಯಾರು ನೋಡ್ತಾರ?"

"ಯಾರೂ ನೋಡಂಗಿಲ್ಲ. ಮುಂದ ಮಳಿ ಬರದಿದ್ರ? ಬೀಜ ಇಟ್ಟುಕೊಂಡು ಕೂತ ಮಂದಿ, ಜಂಬಮ್ಮ ಸೀಮಿ ದಾಟಿದ್ಲು ಅದಕ್ಕ ಅಂತಾರ. ಅವರು ಅನ್ನದಿದ್ರೂ ನಾ ಅನ್ಕಂತೀನಿ. ನೀ ಹೋಗಿ ಬಾ ತಾಯಿ."

ಹಾರಿಕಾ ಒಬ್ಬಳೇ ಹೋಗುವುದೆಂದು ಆಯಿತು. ಜಂಬಮ್ಮ ನಗುನಗುತ್ತಲೇ ಮಗಳಿಗೆ ಬುತ್ತಿ ಕಟ್ಟುವ ಮಾತಾಡಿದಳು. ಆದರೆ ತನಗೆಂದು ತೆಗೆದಿಟ್ಟ ಸೀರೆಗಳನ್ನು ಪೆಟ್ಟಿಗೆಗೆ ವಾಪಸು ಇಡುವಾಗ ಒಂದೊಂದನ್ನೂ ಎರಡೆರಡು ಸಲ ಮಡಚಿದಳು. ಯರ್ರೆಪ್ಪ ಕಂಬಕ್ಕೆ ಒರಗಿ ಅದನ್ನೇ ನೋಡುತ್ತಿದ್ದ.

ಗುರುವಾರ ಬೆಳಗಿನ ಹೊತ್ತು. ಗಾದಿಲಿಂಗಮ್ಮ ಬೀದಿ ಗುಡಿಸಿ, ಎರಡು ಮನೆಯ ನಡುವೆ ತೂಬಿನ ಕೆಳಗೆ ಬಗ್ಗಿ ರಂಗೋಲಿ ಹಾಕುತ್ತಿದ್ದಳು. ಮುಗಿಲು ಬೋಳು. ಒಮ್ಮೆಲೇ ತೂಬಿನಿಂದ ನೀರು ಧೋ ಎಂದು ಅವಳ ನೆತ್ತಿಯ ಮೇಲೆ ಬಿತ್ತು.

"ಅಯ್ಯೋ ನಿನ್ನ ಮನಿ ಹಾಳಾಗ!"

ಬೀದಿಯೆಲ್ಲ ಎದ್ದು ಬಂತು. ಮಾಳಿಗೆಯ ಅಂಚಿನಲ್ಲಿ ಯರ್ರೆಪ್ಪ, ಎರಡೂ ಕೈಯಲ್ಲಿ ಬರಿದಾದ ಕೊಡ ಹಿಡಿದು ನಿಂತಿದ್ದ.

"ಮೈದುನಪ್ಪಾ, ಏನು ಹುಚ್ಚು ಹಿಡದೈತಿ ನಿನಗ?"

"ತೂಬಿನಾಗ ನೀರು ಬೀಳಬೇಕು ಅಂತ ಅಲ್ಲೇನು ಪದ್ಧತಿ?" ಎಂದ ಯರ್ರೆಪ್ಪ ಮೇಲಿನಿಂದಲೇ. "ಯಾರು ಸುರಿದ್ರು ಅಂತ ಪದ್ಧತಿ ಕೇಳಂಗಿಲ್ಲ."

ಜಂಬಮ್ಮ ಹೊರಗೆ ಬಂದು ಇಬ್ಬರನ್ನೂ ನೋಡಿದಳು. ನಾಚಿಕೆಯಿಂದ ಸೆರಗು ಬಾಯಿಗೆ ಹಿಡಿದಳು. "ನಾ ಹೇಳಿಲ್ಲಕ್ಕಾ, ದೇವರಾಣಿ. ಮೋಸದ ನೀರಿಗೆ ನಾ ಹೋಗಾಕಿ ಅಲ್ಲ." ಟವೆಲು ತಂದು ನೆಗೆಣ್ಣಿಯ ತಲೆ ಒರೆಸಹೋದಳು.

ಗಾದಿಲಿಂಗಮ್ಮ ಟವೆಲು ದೂಡಿದಳು. ನೀರು ಇಳಿಯುವ ಮುಖದಲ್ಲೇ ಜಂಬಮ್ಮನನ್ನು ಸ್ವಲ್ಪ ಹೊತ್ತು ನೋಡಿದಳು. ಮಾಳಿಗೆ ಮೇಲಿನ ಮೈದುನನನ್ನೂ ನೋಡಿದಳು. ಗಲಾಟೆ ಕೇಳಿ ಪಂಚಾಕ್ಷರಯ್ಯ ಬಂದಿದ್ದರು. ಅವರ ಕಡೆ ತಿರುಗಿದಳು.

"ಅಯ್ಯಾರೇ, ಗುರ್ಜಿ ಆಡ್ಸುವಾಗ ನೀರು ಯಾರ ತಲಿಗೆ ಹಾಕ್ತಾರ?"

"ಗುರ್ಜಿ ಹೊತ್ತಾನ ತಲಿಗೆ."

"ಈಗ ಯಾರ ತಲಿಗೆ ಬಿತ್ತು?"

"ನಿನ್ನ ತಲಿಗೇ ಬಿದ್ದೈತಲ್ಲವಾ," ಅಯ್ಯನವರು ನಗೆ ತಡೆಯಲಾರದೆ ಹೋದರು.

"ಸರೇ. ಅಂದ್ರ ಗುರ್ಜಿ ನನ್ನ ಮ್ಯಾಲೆ ಬಂದಾಳ. ಹಳೇ ಹೆಂಚು ಆಕಿಗೆ ವಾಪಸು ಕೊಡ್ರಿ, ನನ್ನ ಹೆಂಚು ತಗೋರಿ, ಇವತ್ತ ಇನ್ನೊಮ್ಮೆ ಆಡ್ಸ್ರಿ. ಸೀಮಿ ನಾ ಕಾಯ್ತೀನಿ."

ಅಯ್ಯನವರು ಗಡ್ಡ ಸವರಿಕೊಂಡು ಯೋಚಿಸಿದರು. "ಹೆಂಚು ಕೊಟ್ಟಾಕಿಗೆ ಹೆರಿಗಿ ನೋವು ಬಂದಾಗ ಹಂಗ ಬದಲಿ ಮಾಡಿದ್ದು ನಾ ಸಣ್ಣಾವಿದ್ದಾಗ ನೋಡೀನಿ. ಹೆಂಚು ಬದಲಾದ್ರ ಕಾಯೋರೂ ಬದಲಾಗ್ತಾರ. ಆಗಲಿ."

ಜಂಬಮ್ಮ ಅವಳ ಕೈ ಹಿಡಿದಳು. "ಅಕ್ಕಾ, ಮಳಿ ತಡ ಆದ್ರ? ನೀ ಎಲ್ಲಿಗೂ ಹೋಗಂಗಿಲ್ಲ."

"ನಾ ಎಲ್ಲಿಗೆ ಹೋಗಾಕಿ? ಸೀಮಿ ದಾಟಿ ಎಷ್ಟು ದಿನ ಆತೋ, ಯಾವಾಗ ಕಟ್ಟಿ ಹಾಕಿದ್ರೂ ನನಗ ಗೊತ್ತೇ ಆಗಂಗಿಲ್ಲ," ಎಂದು ಗಾದಿಲಿಂಗಮ್ಮ ಸೆರಗು ಹಿಂಡಿದಳು. "ನಿನ್ನ ಗಂಡ ಮುಂಜಾನೆ ಎದ್ದು ನಿನ್ನ ಸಲುವಾಗಿ ಮಾಳಿಗಿ ಹತ್ತಿದಾನಲ್ಲ, ಅದಕ್ಕಾದ್ರೂ ಹೋಗು. ನನ್ನ ಗಂಡ ಕಟ್ಟಿನೂ ಹತ್ತಲಿಲ್ಲ."

"ಏನಂದಿ?" ಎಂದ ಉಚ್ಚೀರಪ್ಪ, ಬಾಗಿಲಲ್ಲಿ ಹಲ್ಲುಜ್ಜುತ್ತ.

"ಏನಿಲ್ಲ, ಬಾಯಿ ತೊಳಕೋರಿ."

ಹಾರಿಕಾ ಆಗಲೇ ಪೆಟ್ಟಿಗೆ ತೆಗೆದು ಅವ್ವನ ಸೀರೆಗಳನ್ನು ಬ್ಯಾಗಿಗೆ ತುರುಕುತ್ತಿದ್ದಳು. ಸೋಮೇಶನ ಫೋನೂ ಬಂತು: ಈವತ್ತೂ ಬೋಟು ಬಿಟ್ಟಿಲ್ಲ, ಗಾಳಿ ಸ್ವಲ್ಪ ಇಳಿದಿದೆ, ಬಂದರೆ ಕಾಯಬೇಕಾಗಬಹುದು.

"ಕಾಯ್ತೀವಿ ಅಂತ ಹೇಳು," ಎಂದಳು ಜಂಬಮ್ಮ, ಕುಂಕುಮ ಹಚ್ಚಿಕೊಳ್ಳುತ್ತ. "ನೀರು ಬ್ಯಾಡ ಅಂದ್ರ ದಂಡಿ ಮ್ಯಾಲೆ ಕೂತು ಬರೋಣ. ಹೋಗದೇ ಇರೋದು ಬ್ಯಾರೆ, ಹೋಗಿ ಕಾಯೋದು ಬ್ಯಾರೆ."

ಮಧ್ಯಾಹ್ನದ ಆದೋನಿ ಬಸ್ಸು ಬರುವ ಹೊತ್ತಿಗೆ ಊರಲ್ಲಿ ಎರಡನೆಯ ಗುರ್ಜಿ ತಿರುಗುತ್ತಿತ್ತು. ಯರ್ರೆಪ್ಪ ಬ್ಯಾಗು ಹೊತ್ತು ಬಸ್ಸಿನ ತನಕ ಬಂದ. ಗಾದಿಲಿಂಗಮ್ಮ ಸೀಮೆಯ ಕಲ್ಲಿನ ಹತ್ತಿರ ನಿಂತು, ಕಲ್ಲಿನಿಂದ ಒಂದು ಹೆಜ್ಜೆ ಈಚೆಗೆ, ಕೈ ಎತ್ತಿದಳು.

ಬಸ್ಸು ಜಂಬಮ್ಮನನ್ನೂ ಹಾರಿಕಾಳನ್ನೂ ಹೊತ್ತು ಆ ಕಲ್ಲನ್ನು ದಾಟಿತು.