ಚಂದವ್ವನ ಗೋಡೆ

ಭಾನುವಾರ ಬೆಳಿಗ್ಗೆ ನೌಪಾಡಾದ ಹೋಟೆಲುಗಳ ಮುಂದೆ ಇಡ್ಲಿಗೆ ಕಾಯುವವರ ಸಾಲು ಫುಟ್‌ಪಾತಿಗೆ ಇಳಿಯುವ ಹೊತ್ತಿಗೆ ಹರಿಣಾಕ್ಷಿಯ ಚಿತ್ರನಡಿಗೆ ಶುರುವಾಗುತ್ತದೆ. ಠಾಣೆ ನಗರದ ರೈಲು ಸ್ಟೇಷನ್ನಿನಿಂದ ಕೆರೆಯ ಕಡೆಗೆ ಹೋಗುವ ಗಲ್ಲಿಗಳಲ್ಲಿ ಎರಡು ವರ್ಷದ ಹಿಂದೆ ಚಿತ್ರಕಲೆ ಕಲಿಯುವ ಹುಡುಗ ಹುಡುಗಿಯರು ಬಂದು ಕಾಂಪೌಂಡ್ ಗೋಡೆಗಳ ಮೇಲೆಲ್ಲ ಚಿತ್ರ ಬರೆದಿದ್ದರು. ಆ ಗೋಡೆಗಳನ್ನು ಜನರಿಗೆ ತೋರಿಸುವ ಕೆಲಸವನ್ನು ಹರಿಣಾಕ್ಷಿ ತಾನಾಗಿಯೇ ಮೈಮೇಲೆ ಹಾಕಿಕೊಂಡಿದ್ದಳು. "ನಿನಗೆ ಬೇರೆ ಕೆಲಸ ಇಲ್ಲವಾ ಮಾರಾಯ್ತಿ?" ಎಂದು ಗಂಡ ತಾರಾನಾಥ ಕೇಳಿದ್ದ. "ಇಲ್ಲ" ಎಂದು ಅವಳು ಚಪ್ಪಲಿ ಮೆಟ್ಟಿ ಹೊರಟಿದ್ದಳು.

ಆ ಭಾನುವಾರ ಕಾಮೋಠೆಯಿಂದ ಕೆಲವು ಕನ್ನಡದ ಮನೆಯವರು ಬಂದಿದ್ದರು. ಮೀನು ಬುಟ್ಟಿಯ ಬೆಸ್ತರ ಹೆಂಗಸು, ಲೋಕಲ್ ರೈಲಿನ ಬಾಗಿಲಲ್ಲಿ ನೇತಾಡುವವರು, ಕೆರೆಯ ಬಾತುಕೋಳಿ, ಎಲ್ಲವನ್ನೂ ತೋರಿಸಿ ಹರಿಣಾಕ್ಷಿ ಕೊನೆಗೆ ತಾವಿರುವ ಹೌಸಿಂಗ್ ಸೊಸೈಟಿಯ ಗೋಡೆಗೇ ಬಂದಳು. ಅದು ಅವಳ ಮೆಚ್ಚಿನ ಚಿತ್ರ. ತಲೆಯ ಮೇಲೆ ಸಿಮೆಂಟು ತುಂಬಿದ ಗಮೇಲಾ ಬಾಂಡ್ಲಿ ಹೊತ್ತ ಒಬ್ಬ ಹೆಂಗಸು, ಹಿಂದೆ ಅರ್ಧ ಎದ್ದ ಕಟ್ಟಡ. ಹೆಂಗಸು ನೆಟ್ಟಗೆ ನೋಡುತ್ತಾಳೆ. ಯಾರಿಗೂ ಹೆದರುವವಳಲ್ಲ ಎಂಬುದು ಆ ಕಣ್ಣಲ್ಲೇ ಗೊತ್ತಾಗುತ್ತದೆ.

"ಇದು ದುಡಿಯುವ ಹೆಣ್ಣಿನ ಘನತೆ" ಎಂದು ಹರಿಣಾಕ್ಷಿ ಹೇಳುತ್ತಿದ್ದಾಗ ಅಶ್ಮಿತಾ ಎಂಬ ಕಾಲೇಜು ಹುಡುಗಿ ಗೋಡೆಗೆ ಬೆರಳು ತಾಗಿಸಿದಳು. "ಆಂಟಿ, ಗಾಲ್ ಪೆ ಯೇ ಲಾಲ್ ರಂಗ್ ಕ್ಯೂಂ ಲಗಾಯಾ ಹೈ?"

ಕೆನ್ನೆಯ ಮೇಲಿನ ಆ ಕೆಂಪು ಬಣ್ಣವಾಗಿರಲಿಲ್ಲ. ಹುಡುಗಿಯ ತಾಯಿ ಮಗಳ ಕೈ ಎಳೆದು ನೀರಿನ ಬಾಟಲಿ ತೆರೆದಳು. ಹಣೆಯಿಂದ ಗದ್ದದವರೆಗೆ ಪಾನ್, ಗುಟ್ಕಾ ಉಗುಳಿದ ಕಲೆಗಳಿದ್ದವು. ಕೆಲವು ಒಣಗಿದ್ದವು, ಕೆಲವು ಇನ್ನೂ ಹಸಿಯಾಗಿದ್ದವು. ಹರಿಣಾಕ್ಷಿಗೆ ಅವಮಾನವಾಯಿತು. ಘನತೆಯ ಮಾತು ಅಲ್ಲಿಗೇ ನಿಂತಿತು.

ಮನೆಗೆ ಬಂದವಳೇ ಗಂಡನ ಮೇಲೆ ಹರಿಹಾಯ್ದಳು. "ನೀವು ಸೊಸೈಟಿಯ ಸೆಕ್ರೆಟರಿ. ನಿಮ್ಮ ಗೋಡೆಯಲ್ಲಿರುವ ಹೆಂಗಸಿನ ಮುಖಕ್ಕೆ ಊರೇ ಉಗುಳುತ್ತಾ ಉಂಟು. ಕಣ್ಣಿಗೆ ಬಿದ್ದಿಲ್ಲವಾ?"

ತಾರಾನಾಥ ಕೆಟ್ಟವನಲ್ಲ. ಹೋಟೆಲು ನಡೆಸಿ ಪಳಗಿದವನು, ಯಾವ ಗಿರಾಕಿಯ ತಕರಾರಿಗೂ ಒಂದು ಪರಿಹಾರ ಅವನ ಬಳಿ ಇದ್ದೇ ಇರುತ್ತದೆ. "ಅದಕ್ಕೆ ಎಂತ ದೊಡ್ಡ ವಿಷಯ? ದೇವರ ಟೈಲ್ಸ್ ಹಾಕಿಸುವ. ಗಣಪತಿ, ಸಾಯಿಬಾಬಾ, ಒಂದು ಶಿಲುಬೆ, ಒಂದು ಮೆಕ್ಕಾ. ಎಲ್ಲ ಜಾತಿಯವರೂ ಬಾಯಿ ಮುಚ್ಚಿಕೊಂಡು ಹೋಗುತ್ತಾರೆ."

"ಚಿತ್ರ?"

"ಉಗುಳಿಸಿಕೊಳ್ಳುವುದಕ್ಕಿಂತ ಇಲ್ಲದಿರುವುದು ವಾಸಿ ಅಲ್ಲವಾ?"

ಹರಿಣಾಕ್ಷಿಗೆ ಸಂಕಟವಾಯಿತು, ಆದರೆ ಅವನ ಮಾತೂ ಸುಳ್ಳಲ್ಲ. ಠಾಣೆಯ ಎಷ್ಟು ಮೆಟ್ಟಿಲು, ಎಷ್ಟು ಮೂಲೆ ಇದೇ ಟೈಲ್ಸಿನಿಂದ ಸ್ವಚ್ಛವಾಗಿವೆಯೋ ಲೆಕ್ಕವಿಲ್ಲ. ಹಾಗೇ ಆಗಲಿ ಎಂದುಬಿಟ್ಟಳು.

ಕೆಲಸಕ್ಕೆ ಜನ ಹುಡುಕಲು ದೂರ ಹೋಗಬೇಕಿರಲಿಲ್ಲ. ಬೆಳಿಗ್ಗೆ ಗಲ್ಲಿಯ ತಿರುವಿನ ನಾಕಾದಲ್ಲಿ ಕಲಬುರಗಿ, ವಿಜಯಪುರದ ಕಡೆಯ ಜನ ಕೂಲಿಗೆ ಕಾಯುತ್ತ ನಿಂತಿರುತ್ತಾರೆ. ತಾರಾನಾಥ ಅಲ್ಲಿಂದ ವಿಠಲ ಎಂಬ ಗೌಂಡಿಯನ್ನೂ, ಕಲಸಿ ಕೊಡಲು ಒಬ್ಬ ಕೂಲಿ ಹೆಂಗಸನ್ನೂ ಕರೆತಂದ. "ಟೈಲ್ಸ್ ಲಗಾನಾ ಹೈ" ಎಂದಿದ್ದನೇ ಹೊರತು ಎಲ್ಲಿ ಎಂದು ಹೇಳಿರಲಿಲ್ಲ.

ಹರಿಣಾಕ್ಷಿ ಕೊನೆಯ ಸಲ ನೋಡಿಬರೋಣ ಎಂದು ಕೆಳಗಿಳಿದಳು. ರಿಕ್ಷಾದಿಂದ ಇಳಿಸಿದ ದೇವರುಗಳು ಗೋಡೆಗೆ ಒರಗಿ ಸಾಲಾಗಿ ಕೂತಿದ್ದರು. ಮೂಗು ಬಾಯಿಗೆ ಟವೆಲು ಕಟ್ಟಿಕೊಂಡು ಉಸುಕು ಸುರಿಯುತ್ತಿದ್ದ ಕೂಲಿ ಹೆಂಗಸು ಗೋಡೆ ನೋಡಿ ಸಲಿಕೆ ನಿಲ್ಲಿಸಿದ್ದಳು.

"ಮುಖದಿಂದ ಶುರು ಕರೋ" ಎಂದ ತಾರಾನಾಥ. "ಅಲ್ಲೇ ಜಾಸ್ತಿ ಉಗುಳುತ್ತಾರೆ."

ಟೈಲ್ಸ್ ಹಿಡಿಯಬೇಕೆಂದರೆ ಮೊದಲು ಗೋಡೆಯನ್ನು ಕೆತ್ತಿ ಒರಟು ಮಾಡಬೇಕು. ವಿಠಲ ಉಳಿಯನ್ನು ಚಿತ್ರದ ಹೆಂಗಸಿನ ಕಣ್ಣಿನ ಕೆಳಗೆ ಇಟ್ಟು ಸುತ್ತಿಗೆ ಎತ್ತಿದ. ಕೂಲಿ ಹೆಂಗಸು ಹೋಗಿ ಅವನ ಮಣಿಕಟ್ಟು ಹಿಡಿದಳು.

"ಬಿಡು ಯಕ್ಕ, ಸಾಹೇಬ್ರು ನಿಂತಾರ" ಎಂದ ವಿಠಲ.

"ನಿಂತ್ರ ನಿಂದರ್ಲಿ" ಎಂದು ಅವಳು ಟವೆಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಗೋಡೆಗೆ ಬೆನ್ನು ಕೊಟ್ಟು ನಿಂತಳು.

ಹರಿಣಾಕ್ಷಿ ಒಂದು ಹೆಜ್ಜೆ ಮುಂದೆ ಬಂದಳು. ಅದೇ ಹಣೆ, ಅದೇ ದವಡೆ, ಅದೇ ನೋಟ. ಭಾನುವಾರದ ಮೇಲೆ ಭಾನುವಾರ ಈ ಮುಖದ ಬಗ್ಗೆ ಭಾಷಣ ಮಾಡಿದ್ದಾಳೆ, ಆ ಮುಖ ಎರಡು ಮಾರು ದೂರದ ನಾಕಾದಲ್ಲಿ ನಿಂತು ಕೇಳಿಸಿಕೊಳ್ಳುತ್ತಿತ್ತು! ಒಮ್ಮೆಯಾದರೂ ತಿರುಗಿ ನೋಡಬಾರದಿತ್ತೇ?

"ನಿಮ್ಮ ಹೆಸರು?" ಎಂದಳು, ಕನ್ನಡದಲ್ಲಿ.

"ಚಂದವ್ವ ರೀ ಅಕ್ಕೋರ. ಆ ಹುಡುಗ್ರು ನನ್ನ ಇಲ್ಲೇ ನಿಂದರಿಸಿ ಬರದಾರ."

ತಾರಾನಾಥ ಗೋಡೆಯನ್ನೂ ಅವಳನ್ನೂ ಎರಡೆರಡು ಸಲ ನೋಡಿದ. ದನಿ ತಗ್ಗಿಸಿದ. "ನೋಡಮ್ಮ, ನಿನ್ನ ಒಳ್ಳೆಯದಕ್ಕೇ ಇದು. ನಿನ್ನ ಮುಖಕ್ಕೆ ಜನ ಉಗುಳುವುದು ನಿನಗೆ ಚಂದವಾ? ಅದೂ ನಿನ್ನ ನಾಕಾದವರೇ ಹೆಚ್ಚು. ನಾನು ಸುಳ್ಳು ಹೇಳುವುದಿಲ್ಲ."

"ಖರೇ ಐತ್ರಿ. ನಮ್ಮಂದಿನೂ ಉಗುಳ್ತಾರ." ಚಂದವ್ವ ವಿಠಲನ ಕಡೆ ತಿರುಗಿದಳು. "ಇಂವಾ ನಮ್ಮೂರಾಂವ. ನನಗ ಯಕ್ಕ ಅಂತಾನ. ಗ್ವಾಡಿ ಮ್ಯಾಲಿನ ಯಕ್ಕಗ ಗುಟ್ಕಾ ಉಗುಳ್ತಾನ. ನಾ ಕಂಡೀನಿ."

ವಿಠಲ ಉಳಿಯ ಮೊನೆ ನೋಡುತ್ತ ನಿಂತ. ಗಲ್ಲದಲ್ಲಿ ಆಗಲೂ ಗುಟ್ಕಾ ಇತ್ತು.

"ಖರೆ ನಿಮ್ಮ ಬಿಲ್ಡಿಂಗಿನಾವ್ರೂ ಗಾಡಿ ನಿಂದರಿಸಿ ಉಗುಳ್ತಾರ್ರಿ. ನೀವು ಯಾರನ್ನೂ ಹಿಡೀಲಿಲ್ಲ, ಯಾರಿಗೂ ಬೈಲಿಲ್ಲ. ಉಗುಳಾವ್ರು ಹಂಗ ಇರ್ಲಿ, ಉಗುಳಿಸಿಕೊಂಡಾಕಿನ್ನ ಹುಗಿ ಅಂತೀರಿ. ಇದ್ಯಾವ ನ್ಯಾಯ ರೀ?" ಎಂದಳು ಚಂದವ್ವ.

"ದೇವರಿದ್ದರೆ ಯಾರೂ ಉಗುಳುವುದಿಲ್ಲಮ್ಮ, ಅಷ್ಟೇ ನನ್ನ ಮಾತು."

"ದೇವ್ರಿಗೆ ವಾಚ್‌ಮನ್ ಕೆಲಸಾ ಯಾಕ ಕೊಡ್ತೀರಿ? ದಿನಾ ಮಂದಿ ಎಂಜಲಾ ಕಾಯ್ಕೋತ ಕುಂದ್ರಬೇಕೇನು ಅವ್ರು? ಅವ್ರನ್ನ ಗುಡಿಗಿ ಕಳಸ್ರಿ." ಚಂದವ್ವನ ದನಿ ಏರಿತು. "ದೇವ್ರು ಕಂಡ್ರ ಬಾಯಾಗಿಂದು ನುಂಗಾಕ ಬರ್ತದ ಮಂದಿಗಿ. ಮನಷಾರು ಕಂಡ್ರ ಯಾಕ ಬರಂಗಿಲ್ಲ? ಈ ಊರಾಗ ನಾ ಹೊತ್ತ ಕಲ್ಲಿಂದ ಎಷ್ಟ್ ಮನಿ ಆಗ್ಯಾವ. ಕೆಲಸಾ ಮುಗೀತಂದ್ರ ಗೇಟಿನ ಒಳಗ ಬಿಡಂಗಿಲ್ಲ. ಈ ಗ್ವಾಡಿ ಒಂದ ನನ್ನ ಇಟ್ಕೊಂಡದ. ಇಲ್ಲಿಂದ ನಾ ಏಳಂಗಿಲ್ಲ."

ನಾಕಾದ ಜನ ಒಬ್ಬೊಬ್ಬರೇ ಬಂದು ಸೇರಿದರು. ಬಾಲ್ಕನಿಗಳಲ್ಲಿ ತಲೆಗಳು ಕಾಣಿಸಿದವು. ಮೂರನೇ ಮಾಳಿಗೆಯಿಂದ ಯಾರೋ "ಕಾಮ್ ಚಾಲೂ ಕರಾ!" ಎಂದು ಕೂಗಿದರು. ಹರಿಣಾಕ್ಷಿ ತಲೆ ಎತ್ತಿ, "ಮೊದಲು ಇವರಿಗೆ ಉತ್ತರ ಕೊಡಿ, ಕೆಳಗೆ ಬನ್ನಿ" ಎಂದು ಅದಕ್ಕಿಂತ ಜೋರಾಗಿ ಮರಾಠಿಯಲ್ಲಿ ಕೂಗಿದಳು. ಯಾರೂ ಇಳಿಯಲಿಲ್ಲ. ಅವಳು ಹೋಗಿ ಚಂದವ್ವನ ಪಕ್ಕದಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಸೀರೆಗೆ ಆ ಕೆಂಪು ಅಂಟಿದ್ದು ಗೊತ್ತಾಯಿತು, ಆದರೂ ಸರಿಯಲಿಲ್ಲ.

ತಾರಾನಾಥನಿಗೆ ಉಭಯಸಂಕಟವಾಯಿತು. ಮೇಲೆ ಸೊಸೈಟಿ, ಎದುರಿಗೆ ಹೆಂಡತಿ. ಪೇಚಿಗೆ ಸಿಕ್ಕಾಗ ಎಲೆ ಹಾಕಿಕೊಳ್ಳುವುದು ಅವನ ರೂಢಿ. ಜೇಬಿನಿಂದ ಬೀಡಾ ತೆಗೆದು ಬಾಯಿಗಿಟ್ಟು ನಿಧಾನವಾಗಿ ಅಗಿಯುತ್ತ ಯೋಚಿಸಿದ. ನಾಕಾದವರು ಕಾದರು. ಬಾಲ್ಕನಿಯವರು ಕಾದರು.

"ಹೇಳಿ, ಎಂತ ಮಾಡುವುದು?" ಎಂದಳು ಹರಿಣಾಕ್ಷಿ.

ಉತ್ತರ ನಾಲಿಗೆಯ ತುದಿಗೆ ಬಂದಿತ್ತು, ಆದರೆ ಬಾಯಿ ತುಂಬಿತ್ತು. ತಾರಾನಾಥ ಗದ್ದ ಮೇಲೆತ್ತಿ "ಒಂದು ನಿಮಿಷ" ಎಂಬಂತೆ ಕೈ ಮಾಡಿದ. ಅವನ ಕತ್ತು ತಾನಾಗಿಯೇ ಗೋಡೆಯ ಮೂಲೆಗೆ ಹೊರಳಿತು. ಅಷ್ಟು ಜನರ ಕಣ್ಣೂ ಜೊತೆಗೇ ಹೊರಳಿದವು. ಆ ಕತ್ತಿಗೆ ಆ ಮೂಲೆ ಚೆನ್ನಾಗಿ ಗೊತ್ತಿತ್ತು ಎಂಬುದು ಹರಿಣಾಕ್ಷಿಗೆ ಆ ಕ್ಷಣ ತಿಳಿಯಿತು, ಅವನಿಗೂ ತಿಳಿಯಿತು.

ಚಂದವ್ವ ಬಗ್ಗಿ ಖಾಲಿ ಗಮೇಲಾ ಎತ್ತಿಕೊಂಡು ಅವನ ಗದ್ದದ ಕೆಳಗೆ ಹಿಡಿದಳು.

"ಇದ್ರಾಗ ಉಗುಳ್ರಿ ಸಾಹೇಬ್ರ. ಆಮ್ಯಾಲೆ ಮಾತಾಡ್ರಿ."

ತಾರಾನಾಥ ಗಮೇಲಾ ನೋಡಿದ, ಗೋಡೆ ನೋಡಿದ, ಹೆಂಡತಿಯ ಸೀರೆಗೆ ಹತ್ತಿದ ಕಲೆ ನೋಡಿದ. ಎಲ್ಲರೆದುರು ಗಂಟಲು ಗುಟುಕ್ಕೆಂದಿತು. ನುಂಗಿದ ರಭಸಕ್ಕೆ ಕೆಮ್ಮು ಬಂದು ಕಣ್ಣಲ್ಲಿ ನೀರಾಡಿತು. ಕೊನೆಗೆ ದನಿ ಹೊರಟಿತು.

"ಟೈಲ್ಸ್ ರಿಕ್ಷಾಕ್ಕೆ ಹಾಕು ವಿಠಲ. ವಾಪಸ್ ಕೊಟ್ಟು ಬರುವ."

ಚಂದವ್ವ ಗಮೇಲಾ ಕೆಳಗಿಳಿಸಲಿಲ್ಲ. ಹಾಗೇ ತಿರುಗಿ ಅದನ್ನು ವಿಠಲನ ಮುಂದೆ ಹಿಡಿದಳು. ಅವನು ಅತ್ತಿತ್ತ ನೋಡಿದ. ನಾಕಾದ ಒಬ್ಬನೂ ಅವನ ಪರವಾಗಿ ಬರಲಿಲ್ಲ. ವಿಠಲ ಉಳಿ ಕೆಳಗಿಟ್ಟು, ತಲೆ ತಗ್ಗಿಸಿ ಗಮೇಲಾದಲ್ಲಿ ಉಗುಳಿದ.