ಹೊಳೆ ಕಡೆಯ ತೊಲೆಗಳು

ಹೊಳೆದಂಡೆಯ ಹಳೇ ಮಳಿಗೆಯನ್ನು ಆಫೀಸಾಗಿ ಮಾರ್ಪಡಿಸುವ ಕೆಲಸ ಹಿಡಿದಿದ್ದವನು ಅವಳ ಸೋದರಮಾವ. ಬಡಗಿ ಕೆಲಸವನ್ನು ಅವಳಿಗೆ ಕಲಿಸಿದವನೂ ಅವನೇ. ಮರವನ್ನು ಬರೀ ನೋಡಬೇಡ, ತಟ್ಟಿ ಕೇಳು ಎಂದು ಹನ್ನೆರಡು ವರ್ಷದ ಹಿಂದೆ ಸುತ್ತಿಗೆ ಕೈಗೆ ಕೊಟ್ಟಿದ್ದ. ಹಾಗೆ ತಟ್ಟಿಯೇ ಅವಳು ಎರಡನೇ ಮಹಡಿಯಲ್ಲಿ, ಹೊಳೆ ಕಡೆಯ ಗೋಡೆಯೊಳಗೆ ಸೇರಿದ್ದ ನಾಲ್ಕು ತೊಲೆಗಳ ತುದಿ ಕೊಳೆತಿರುವುದನ್ನು ಪತ್ತೆ ಮಾಡಿ, ಕೆಂಪು ಬಣ್ಣದ ಗುರುತು ಹಾಕಿದ್ದಳು.

ಆಮೇಲೆ ಎರಡು ದಿನ ಜ್ವರ. ಮೂರನೇ ದಿನ ಮೆಟ್ಟಿಲು ಹತ್ತಿ ಬಂದರೆ ತೊಲೆಗಳೇ ಕಾಣಲಿಲ್ಲ. ಗೋಡೆಯಿಂದ ಗೋಡೆಗೆ ಬೆಳ್ಳಗಿನ ಫಾಲ್ಸ್ ಸೀಲಿಂಗ್. ಅಡಿಯಲ್ಲಿ ಸಾಲು ಮೇಜುಗಳು.

"ಮಾವ, ತೊಲೆ ಬದಲಾಯಿಸಿದ್ರಾ?"

"ಕಬ್ಬಿಣದ ಪಟ್ಟಿ ಹೊಡೆಸಿದ್ದೀನಿ, ಬಿಡೆ."

"ಎರಡೇ ದಿನದಲ್ಲಾ? ಯಾರು ಹೊಡೆದಿದ್ದು?"

"ಇಲ್ಲದ ಉಸಾಬರಿ ನಿನಗ್ಯಾಕೆ? ನಾಳೆ ಮಾಲೀಕರು ಬರ್ತಾರೆ, ಬಾಗಿಲು ಕೂರಿಸೋಗು."

ಸೀಲಿಂಗ್ ಕೆಲಸದವನು ನೆಲ ನೋಡುತ್ತ ನಿಂತ. ಅವಳಿಗೆ ಅಷ್ಟೇ ಸಾಕಾಯಿತು. ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು. ಏಣಿ ಎಳೆದು ತಂದು ಹತ್ತಿದವಳೇ ಸುತ್ತಿಗೆ ಬೀಸಿದಳು. ಹೊಸ ಶೀಟು ಒಡೆದು ಮೇಜಿನ ಮೇಲೆಲ್ಲ ಬಿಳಿ ಪುಡಿ ಸುರಿಯಿತು. ಮೇಲೆ ಪಟ್ಟಿಯೂ ಇಲ್ಲ, ಮೊಳೆಯೂ ಇಲ್ಲ. ಅವಳು ಹಾಕಿದ ಕೆಂಪು ಗುರುತು ಹಾಗೇ ಇತ್ತು. ಉಳಿ ಒತ್ತಿದರೆ ಹಿಡಿಯವರೆಗೂ ಇಳಿಯಿತು.

"ತಲೆ ಕೆಟ್ಟಿದೆಯೇನೆ? ಇಳಿ ಕೆಳಗೆ!"

"ಇದರಡಿ ನಲವತ್ತು ಜನ ಕೂತ್ಕೋತಾರೆ. ಗೊತ್ತಿದ್ದೂ ಮುಚ್ಚಿದೆಯಲ್ಲಾ, ನಾಚಿಕೆ ಆಗಲ್ವಾ ನಿನಗೆ?"

ಮಾವನನ್ನು ಅವಳು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಅವನ ಮುಖ ಕಪ್ಪಿಟ್ಟಿತು.

"ನಾನು ಹೇಳ್ಕೊಟ್ಟ ಕೆಲಸ, ನನ್ನ ಮಾನ ಕಳೆಯೋಕೆ ಬಂತಾ? ಇನ್ಮೇಲೆ ನಮ್ಮನೆ ಹೊಸಿಲು ತುಳೀಬೇಡ."

ಅವಳು ಏಣಿಯ ಮೇಲಿಂದಲೇ ಮಾಲೀಕರ ಕಡೆಯ ಎಂಜಿನಿಯರಿಗೆ ಫೋನು ಮಾಡಿದಳು. ಮಧ್ಯಾಹ್ನದೊಳಗೆ ಕೆಲಸ ನಿಂತಿತು. ತೊಲೆಗಳಿಗೆ ಆಸರೆ ಕೊಟ್ಟರು. ಮಾಲೀಕರು ಗುತ್ತಿಗೆಯನ್ನು ಬೇರೆಯವರಿಗೆ ವಹಿಸಿದರು.

ಆ ಸಂಜೆ ಅಮ್ಮ ಕಣ್ಣೀರಿಟ್ಟಳು. "ಎತ್ತಿ ಆಡಿಸಿದ ಮಾವ ಕಣೆ. ಹೋಗಿ ತಪ್ಪಾಯ್ತು ಅಂದುಬಿಡು."

"ತಪ್ಪು ಯಾರದಮ್ಮ?" ಎಂದು ಕೂಗಿಯೇ ಬಿಟ್ಟಳು. ಅಮ್ಮ ಸೆರಗಲ್ಲಿ ಮುಖ ಒರೆಸಿಕೊಂಡು ಒಳಗೆ ಹೋದಳು.

ತಿಂಗಳ ಮೇಲೆ, ಗುತ್ತಿಗೆ ಹಿಡಿದವರು ಕರೆಸಿಕೊಂಡಿದ್ದರಿಂದ, ಹೊಸ ತೊಲೆಗಳನ್ನು ಅವಳೇ ನಿಂತು ಕೂರಿಸಿದಳು. ಕೊನೆಯದನ್ನು ಏರಿಸುವಾಗ ಮಾವ ಎದುರು ಫುಟ್‌ಪಾತಿನಲ್ಲಿ ಕೈಕಟ್ಟಿ ನಿಂತಿದ್ದುದು ರಸ್ತೆ ಕಡೆಯ ಕಿಟಕಿಯಿಂದ ಕಾಣಿಸಿತು. ಕರೆಯಬೇಕು ಎನಿಸಲಿಲ್ಲ. ಹಲ್ಲು ಕಚ್ಚಿಕೊಂಡು, "ಎತ್ತಿ," ಎಂದಳು ಆಳುಗಳಿಗೆ.