ಸಾದಿಕ್ ಸಾಹೇಬರ ಹಾಯಿದೋಣಿ

ಅಪ್ಪನ ಶವ ಮಲಗಿಸಿದ್ದ ಜನಾಜಾದ ಕಾಲನ್ನು ಬಿಗಿಯಾಗಿ ಹಿಡಿದಿದ್ದ ನಿಖಾತಳ ಬೆರಳುಗಳನ್ನು ಅಣ್ಣ ಮುಷರಫ್ ಒಂದೊಂದಾಗಿ ಬಿಡಿಸಿದ.

“ಬುಡು ನಿಖಾತ್, ನಮಾಜಿಗೆ ಹೊತ್ತಾಯ್ತು. ಹೆಂಗಸ್ರು ಖಬರಸ್ತಾನಕ್ಕೆ ಬರೋ ಹಂಗಿಲ್ಲ, ಗೊತ್ತಿಲ್ವಾ ನಿಂಗೆ?”

“ಅಬ್ಬಾಗೆ ಮೂರು ಹಿಡಿ ಮಣ್ಣು ಕೊಡೋಕೆ ನನ್ನ ಕೈ ಏನು ಪಾಪ ಮಾಡೈತೆ ಭಾಯಿ?”

ಅವನ ಕಣ್ಣುಗಳೂ ಊದಿಕೊಂಡಿದ್ದವು. ಬಗ್ಗಿ ಜನಾಜಾಕ್ಕೆ ಹೆಗಲು ಕೊಟ್ಟ. ಚನ್ನಪಟ್ಟಣದ ಗೊಂಬೆ ಕೆಲಸದವರು, ಹೊಂಗನೂರಿನ ಒಕ್ಕಲುಮಕ್ಕಳು ಸೇರಿ ಸಾದಿಕ್ ಸಾಹೇಬರನ್ನು ಮಸೀದಿಯ ಕಡೆ ಹೊತ್ತು ನಡೆದರು. ಅಮ್ಮ ಕೆಹಕಶಾನ್ ಗೋಡೆಗೊರಗಿ ಕೂತಿದ್ದಳು. ಅಪ್ಪನ ಜೊತೆ ಮಣ್ಣಿನ ತನಕ ಹೋಗಬೇಕು, ನಿಖಾತಳಿಗೆ ಬೇಕಾಗಿದ್ದದ್ದು ಅದೊಂದೇ. ಅದೊಂದೇ ಅವಳ ಪಾಲಿಗಿರಲಿಲ್ಲ.

*

ಸಾಹೇಬರು ನಲವತ್ತು ವರ್ಷ ಗೊಂಬೆ ಕಡೆದವರು. ಅಂಗೈಯಲ್ಲಿ ಹಿಡಿಸದ ವಸ್ತುವನ್ನು ಮಾಡಿದವರೇ ಅಲ್ಲ. ಅಂಥವರು ಎರಡು ವರ್ಷದ ಹಿಂದೆ, ಯಾರೋ ತೋಟದ ಮನೆಯಲ್ಲಿ ಬಿಟ್ಟುಹೋಗಿದ್ದ ಮರದ ಹಾಯಿದೋಣಿಯನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದು ಕೆರೆಯ ದಡದಲ್ಲಿ ಇಳಿಸಿದರು. ಅದರೊಳಗೊಂದು ಕೋಳಿ ಕಾವಿಗೆ ಕೂತಿತ್ತು. ನೀರಿಗಿಳಿದವರೇ ಅಲ್ಲದ ಮನುಷ್ಯನಿಗೆ ದೋಣಿ! ಊರು ನಗದೆ ಬಿಟ್ಟೀತೆ?

“ಅರವತ್ತಕ್ಕೆ ಅರಳುಮರಳು ಅಂತಾರೆ. ನಿಂಗೆ ಒಸಿ ಬೇಗ್ನೆ ಬಂದ್ಬುಡ್ತು ಕಣ್ಲಾ ಸಾದಿಕ್,” ಎಂದು ಪಕ್ಕದ ಹೊಲದ ಕರಿಯಪ್ಪ ಹಂಗಿಸಿದ.

ಅಪ್ಪ, ಮಗಳು ಮೊಬೈಲು ನೋಡಿ ಕಲಿತರು. ಕೊಳೆತ ಹಲಗೆ ಕಿತ್ತು ಹೊಸದು ಕೂರಿಸಿದರು, ಸಂದಿಗಳಿಗೆ ಹತ್ತಿ ತುರುಕಿದರು. ಶಾಮಿಯಾನದ ಹಳೆಯ ಬಟ್ಟೆಯಲ್ಲಿ ಕೆಹಕಶಾನ್ ಬೈದುಕೊಂಡೇ ಹಾಯಿ ಹೊಲಿದಳು. ಹಾಯಿಕಂಬದ ವಿಷಯದಲ್ಲಿ ಮಾತ್ರ ಸಾಹೇಬರು ಯಾರ ಮಾತೂ ಕೇಳಲಿಲ್ಲ. ಗೊಂಬೆ ಮಾಡುವ ಹಾಲೆಮರವನ್ನೇ ತಂದು ನುಣ್ಣಗೆ ಮಾಡಿ, ಅರಗಿನ ಕೆಂಪು ಬಣ್ಣ ಏರಿಸಿದರು. ಅವರ ಕೈಗೆ ಗೊತ್ತಿದ್ದ ಮರ ಅದೊಂದೇ. ಮೊದಲ ದಿನ ನಡುಕೆರೆಯಲ್ಲಿ ಗಾಳಿ ಬೀಸಿದ್ದೇ ತಡ, ಕಂಬ ಲಟಕ್ಕನೆ ಮುರಿದು ಇಬ್ಬರ ಮೇಲೂ ಬಿತ್ತು.

“ಆಡೋ ಮರ ಬೇರೆ, ದುಡಿಯೋ ಮರ ಬೇರೆ ಕಣಮ್ಮ,” ಎಂದು ಅಪ್ಪ ಹುಟ್ಟು ಹಾಕುತ್ತಲೇ ನಕ್ಕಿದ್ದರು. ಅಷ್ಟು ಜೋರಾಗಿ ನಕ್ಕಿದ್ದನ್ನು ನಿಖಾತ್ ಅದಕ್ಕೆ ಮುಂಚೆ ಕಂಡಿರಲಿಲ್ಲ.

ಹಂಗಿಸಿದ ಕರಿಯಪ್ಪನೇ ಹೊಸ ಕಂಬಕ್ಕೆಂದು ತನ್ನ ತೋಟದ ನೀಲಗಿರಿ ಮರ ಕಡಿದುಕೊಟ್ಟ. ಆಮೇಲೆ ದಿನಾ ಸಂಜೆ ಕೆರೆ; ದಡದಲ್ಲಿ ಕೂತು ನೋಡಲು ಕರಿಯಪ್ಪ. ಎದುರುಗಾಳಿಗೆ ನೇರ ಹೋಗಲಾಗದು, ಓರೆ ಓರೆಯಾಗಿ ತಿರುಗುತ್ತ ಹೋಗಬೇಕು. ಆ ಪಟ್ಟು ಇಬ್ಬರಿಗೂ ಹತ್ತುತ್ತಿರಲಿಲ್ಲ.

*

ಖಬರಸ್ತಾನವಿದ್ದದ್ದು ಕೆರೆಯ ಆಚೆ ದಡದ ದಿಬ್ಬದಲ್ಲಿ. ಜನಾಜಾ ಹೊತ್ತವರು ಏರಿಯ ಮೇಲೆ ಸುತ್ತಿ ಹೋಗಬೇಕು. ನಿಖಾತ್ ದುಪಟ್ಟಾ ಬಿಗಿದುಕೊಂಡು ಎದ್ದಳು.

“ಎಲ್ಲಿಗೆ?” ಅಂದಳು ಅಮ್ಮ.

“ಕೆರೆಗೆ. ಖಬರಸ್ತಾನದೊಳಕ್ಕೆ ಕಾಲಿಡಲ್ಲ ಅಮ್ಮಿ.”

ಕೆಹಕಶಾನ್ ಮಗಳ ಮುಖವನ್ನೇ ನೋಡಿದಳು. “ಹಗ್ಗ ಕೈಗೆ ಸುತ್ಕೋಬೇಡ,” ಅಂದಳು.

ಗಾಳಿ ಎದುರಿಗೇ ಇತ್ತು. ಮೊದಲ ತಿರುವಿನಲ್ಲೇ ಹಾಯಿ ಪಟಪಟನೆ ಬಡಿದು ದೋಣಿ ನಿಂತುಹೋಯಿತು. ಹಗ್ಗ ಎಳೆಯಲು ಪಕ್ಕದಲ್ಲಿ ಅಪ್ಪ ಇಲ್ಲ. ಬೆಳಗಿನಿಂದ ತಡೆದಿದ್ದ ಅಳು ಆಗ ಬಂತು. ಏರಿಯ ಮೇಲೆ ಬಿಳಿ ಟೋಪಿಗಳ ಸಾಲು ಕಾಣಿಸಿತು.

“ಹಗ್ಗ ಒಸಿ ಸಡ್ಲ ಬುಡವ್ವಾ!” ಜನಾಜಾದ ಜೊತೆ ನಡೆಯುತ್ತಿದ್ದ ಕರಿಯಪ್ಪನ ಕೂಗು ನೀರಿನ ಮೇಲೆ ಬಂತು. “ಅಳ್ಬ್ಯಾಡ, ತಿರುಗ್ಸು!”

ಅಳುತ್ತಲೇ ಚುಕ್ಕಾಣಿ ತಿರುಗಿಸಿದಳು. ಹಾಯಿ ತುಂಬಿಕೊಂಡಿತು. ಅವರು ಏರಿಯ ಮೇಲೆ ಸುತ್ತಿ, ಇವಳು ನೀರಿನ ಮೇಲೆ ಓರೆಯಾಗಿ, ಎಲ್ಲರೂ ಅದೇ ದಿಬ್ಬದ ಕಡೆ ಸಾಗಿದರು. ಹೆಗಲು ಬದಲಿಸುತ್ತಿದ್ದವರು ಒಂದು ಗಳಿಗೆ ನಿಂತು ನೋಡಿದರು. ಮುಷರಫನೂ ನೋಡಿದ.

ದೋಣಿ ಆಚೆ ದಡದ ಕೆಸರಿಗೆ ತಗುಲಿದಾಗ ದಿಬ್ಬದ ಮೇಲೆ ಮಣ್ಣು ಕೊಡುವುದು ಶುರುವಾಗಿತ್ತು. ನಿಖಾತ್ ಮಂಡಿಯುದ್ದ ನೀರಿನಲ್ಲಿ ನಿಂತಳು. ಮುಷರಫ್ ದಡದಡನೆ ಇಳಿದು ಬಂದ.

“ಮೇಲಕ್ಕೆ ಬರಲ್ಲ ಭಾಯಿ,” ಅವನು ಬಾಯಿ ತೆರೆಯುವ ಮೊದಲೇ ಅಂದಳು. “ನನ್ನ ಪಾಲಿಂದು ನೀನು ಹಾಕ್ತೀಯಾ?”

ಅವನು ಹಿಂದಿರುಗಿ ಹಿರಿಯರ ಕಡೆ ನೋಡಲಿಲ್ಲ. ಚಪ್ಪಲಿ ಕಳಚಿ ನೀರಿಗಿಳಿದು ಬೊಗಸೆ ಒಡ್ಡಿದ. ನಿಖಾತ್ ಬಗ್ಗಿ ಕೆರೆಯ ತಳದಿಂದ ಮೂರು ಹಿಡಿ ಮಣ್ಣು ತೆಗೆದು ಅದರೊಳಗೆ ಇಟ್ಟಳು.

ಕೆಸರುನೀರು ಮೊಣಕೈಗಿಳಿದು ಬಿಳಿ ಜುಬ್ಬಾದ ತೋಳನ್ನು ನೆನೆಸುತ್ತಿದ್ದರೂ ಬೊಗಸೆ ಸಡಿಲಿಸದೆ ಮುಷರಫ್ ದಿಬ್ಬ ಹತ್ತಿದ. ಗುಂಡಿಯ ಸುತ್ತ ನಿಂತಿದ್ದವರು ಸರಿದು ದಾರಿ ಬಿಟ್ಟರು.